ನನ್ನ ಹಾಳೆಯಲ್ಲಿ ‘ರಿಟ್’ ಇಲ್ಲ, ಅಂಕಲ್

ಚಿಕ್ಕಮಗಳೂರಿನ ಒಂದು ಡಿಟಿಪಿ ಅಂಗಡಿಯಲ್ಲಿ ನಾನು ಕೆಲಸಕ್ಕೆ ಕೂತು ಹದಿನಾಲ್ಕು ವರ್ಷ ಆಯಿತು. ಲಗ್ನಪತ್ರಿಕೆ, ಬಿಲ್ ಬುಕ್ಕು, ತಿಥಿ ಕಾರ್ಡು, ಎಸ್ಟೇಟಿನವರ ಲೆಟರ್‌ಹೆಡ್ಡು ವರ್ಷವಿಡೀ ಇದ್ದದ್ದೇ. ನವೆಂಬರ್ ಬಂತೆಂದರೆ ಕ್ವಾಯರ್‌ನವರ (ಗುಂಪಾಗಿ ಹಾಡುವವರ) ಕೆಲಸವೂ ಸೇರಿಕೊಳ್ಳುತ್ತದೆ. ನಾಲ್ಕು ದನಿಯ ಹಾಡುಗಳ ಹಳೇ ಪ್ರತಿ ತರುತ್ತಾರೆ. ಝೆರಾಕ್ಸಿನ ಝೆರಾಕ್ಸು, ಅದರ ಮೇಲೆ ಯಾರದೋ ಪೆನ್ಸಿಲ್ ಗೀಚು. ಅದನ್ನು ಮ್ಯೂಸ್‌ಸ್ಕೋರ್ ಅನ್ನುವ, ಸ್ವರಲಿಪಿ ಬರೆಯುವ ಸಾಫ್ಟ್‌ವೇರ್‌ನಲ್ಲಿ ಹೊಸದಾಗಿ ಕೂರಿಸಿ ಕೊಡುವವನು ನಾನು. ಅದೇ ಕ್ವಾಯರ್‌ನಲ್ಲಿ ಟೆನರ್ (ಗಂಡಸರ ಮೇಲಿನ ದನಿ) ಹಾಡುವವನೂ ನಾನೇ. ಹಾಗಾಗಿ ತಪ್ಪಾದರೆ ಬೈಗುಳಕ್ಕೆ ಜಾಸ್ತಿ ದೂರ ಹೋಗಬೇಕಿಲ್ಲ.

ಮೂರು ವರ್ಷದ ಹಿಂದೆ ಡಿಸೆಂಬರ್‌ನಲ್ಲಿ ಆ ಬೈಗುಳ ಚೆನ್ನಾಗಿಯೇ ಸಿಕ್ಕಿತು. ಕ್ಯಾರಲ್ ಪ್ರಾಕ್ಟೀಸು, ಕಿಟಕಿ ಹಾಕಿದ್ದರೂ ಕಾಲು ಮರಗಟ್ಟುವ ಚಳಿ. ಕೊನೆಯ ಸಾಲಿಗೆ ಬಂದಾಗ ನಾಲ್ಕೂ ದನಿಯವರು ನಿಧಾನ ಮಾಡಿದೆವು. ಕೀಬೋರ್ಡು ಮಾತ್ರ ನಿಲ್ಲಲೇ ಇಲ್ಲ. ನಾವು ಕೊನೆಯ ಪದಕ್ಕೆ ಬರುವಷ್ಟರಲ್ಲಿ ಅದು ಹಾಡು ಮುಗಿಸಿ ಸುಮ್ಮನೆ ಕೂತಿತ್ತು. ಮಾಸ್ಟರು ಕೈ ಎತ್ತಿ ನಿಲ್ಲಿಸಿದರು. ನುಡಿಸುತ್ತಿದ್ದ ಹುಡುಗಿ ತನ್ನ ಹಾಳೆ ಎತ್ತಿ ತೋರಿಸಿ, “ನನ್ನ ಹಾಳೆಯಲ್ಲಿ ರಿಟ್ ಇಲ್ಲ, ಅಂಕಲ್” ಅಂದಳು. ಹೌದು, ಇರಲಿಲ್ಲ. ನಿಧಾನ ಮಾಡಿ ಅನ್ನುವ ಆ ಗುರುತು ನಮ್ಮ ಹಾಳೆಯಲ್ಲಿ ಸೊಪ್ರಾನೊ (ಹೆಂಗಸರ ಮೇಲಿನ ದನಿ) ಸಾಲಿನ ಮೇಲೆ ಓರೆ ಅಕ್ಷರದಲ್ಲಿ ಮುದ್ದಾಗಿ ಕೂತಿತ್ತು.

ಆಗಿದ್ದು ಇಷ್ಟೇ. ಹಾಳೆ ತಿರುಗಿಸುವ ತಾಪತ್ರಯ ಬೇಡವೆಂದು ಅವಳಿಗೆ ಕೀಬೋರ್ಡ್ ಪಾರ್ಟ್ ಮಾತ್ರ ಬೇರೆ ತೆಗೆದುಕೊಟ್ಟಿದ್ದೆ. ‘ರಿಟ್’ ಬರೆಯುವಾಗ ಕಂಟ್ರೋಲ್ ಟಿ ಒತ್ತಿ ಸ್ಟಾಫ್ ಟೆಕ್ಸ್ಟ್ ಹಾಕಿದ್ದೆ. ಸ್ಟಾಫ್ ಟೆಕ್ಸ್ಟ್ ಯಾವ ಸಾಲಿಗೆ ಅಂಟಿದೆಯೋ ಆ ಸಾಲಿಗಷ್ಟೇ ಸೇರಿದ್ದು. ಪಾರ್ಟ್ ಬೇರೆ ಮಾಡಿದಾಗ ಅದು ಸೊಪ್ರಾನೊ ಜೊತೆಗೇ ಉಳಿಯುತ್ತದೆ. ಟೆಂಪೊ, ಅಂದರೆ ಹಾಡಿನ ವೇಗದ ಗುರುತುಗಳಿರುವ ಪ್ಯಾಲೆಟ್‌ನಿಂದ ಹಾಕಿದ್ದು ಹಾಗಲ್ಲ. ಕಾಣುವುದು ಮೇಲಿನ ಸಾಲಿನ ನೆತ್ತಿಯ ಮೇಲಾದರೂ ಅದು ಎಲ್ಲರಿಗೂ ಸೇರಿದ್ದು, ಎಲ್ಲರ ಪಾರ್ಟಿಗೂ ಹೋಗುತ್ತದೆ. ಅಚ್ಚಾದ ಮೇಲೆ ಎರಡೂ ನೋಡಲು ಒಂದೇ ಥರ, ಅದೇ ಮೋಸ. ಹತ್ತು ವರ್ಷ ಲಗ್ನಪತ್ರಿಕೆ ಮಾಡಿದ ಕೈ ನನ್ನದು. ಅಕ್ಷರ ಸರಿಯಾದ ಜಾಗದಲ್ಲಿ ಕಂಡರೆ ಕೆಲಸ ಮುಗಿಯಿತು ಅಂದುಕೊಂಡಿದ್ದೆ.

(ಅಂಗಡಿ ಯಜಮಾನರಿಗೆ ಫೋನಿನಲ್ಲಿ “ಟೆಂಪೊ ಒಂದು ಬಾಕಿ ಇದೆ, ಹಾಕಿ ಬರ್ತೀನಿ” ಅಂದಿದ್ದೆ. “ಕಾಫಿ ಮೂಟೆ ಯಾರದಪ್ಪಾ?” ಅಂತ ಕೇಳಿದರು.)

ಇನ್ನೊಂದು ಸಮಸ್ಯೆ ಬೇಸ್‌ನವರದು, ಅಂದರೆ ಗಂಡಸರ ಕೆಳದನಿಯವರದು. ಅವರು ಕೆಳಗಿನ ಸಾಲು ಬಿಟ್ಟು ಕಣ್ಣೆತ್ತುವುದಿಲ್ಲ. ಆದರೂ ಪ್ರತಿ ಸಾಲಿನ ಮೇಲೂ ಟೆಂಪೊ ಬರೆಯುವ ಪದ್ಧತಿ ಇಲ್ಲ, ಬರೆದರೆ ಪುಟವೆಲ್ಲ ಗಿಜಿಗಿಜಿ. ದನಿಗಳ ಗುಂಪಿನ ಮೇಲೆ ಒಂದು ಸಲ, ಕೀಬೋರ್ಡ್ ಅಥವಾ ಆರ್ಗನ್ ಸಾಲಿನ ಮೇಲೆ ಇನ್ನೊಂದು ಸಲ ಇದ್ದರೆ ಸಾಕು. ಕೀಬೋರ್ಡಿನ ಮೇಲಿರುವುದು ಬೇಸ್‌ನವರ ಕಣ್ಣಿಗೂ ಹತ್ತಿರ. ಮೊದಲೆಲ್ಲ ಆ ಎರಡನೆಯದನ್ನು ಸ್ಟಾಫ್ ಟೆಕ್ಸ್ಟ್ ಆಗಿ ಹಾಕಿ ಇನ್ನೊಂದು ಎಡವಟ್ಟು ಮಾಡಿಕೊಂಡಿದ್ದೆ. ಕೀಬೋರ್ಡ್ ಪಾರ್ಟಿನಲ್ಲಿ ಒಂದೇ ಪದ ಎರಡು ಸಲ, ಒಂದರ ಮೇಲೊಂದು ಬಂದಿತ್ತು. ಈಚಿನ ಆವೃತ್ತಿಯಲ್ಲಿ ಲೇಔಟ್ ಪ್ಯಾನೆಲ್‌ನಿಂದಲೇ ಸಿಸ್ಟಂ ಮಾರ್ಕಿಂಗ್ಸ್ (ಎಲ್ಲರಿಗೂ ಸೇರಿದ ಗುರುತುಗಳು) ಬೇಕಾದ ಸಾಲಿನ ಮೇಲೂ ತೋರಿಸಬಹುದು. ಬಚಾವ್.

ನನಗೆ ನಿಜವಾಗಿ ತಲೆ ಕೆಡಿಸಿದ್ದು ‘ಎ ಟೆಂಪೊ’. ನಿಧಾನ ಮಾಡಿದ ಮೇಲೆ ಮತ್ತೆ ಮೊದಲಿನ ವೇಗಕ್ಕೆ ಬನ್ನಿ ಅನ್ನುವ ಗುರುತು ಅದು. ಒಂದು ಹಾಡು ನಾಲ್ಕರ ತಾಳದ್ದು, ಪ್ರತಿ ಸಾಲೂ ನಾಲ್ಕನೇ ಬೀಟ್‌ನಿಂದ ಎತ್ತಿಕೊಳ್ಳುತ್ತದೆ. ಕರ್ನಾಟಕ ಸಂಗೀತ ಕಲಿತವರು ಎಡುಪು ಅಂತಾರಲ್ಲ, ಅದೇ ಥರ. ಹಿಂದಿನ ಸಾಲು ಮೂರನೇ ಬೀಟ್‌ಗೆ ಮುಗಿಯುತ್ತದೆ. ಹಳೇ ಪ್ರತಿಯಲ್ಲಿ ‘ಎ ಟೆಂಪೊ’ ಅಂತ ಪೆನ್ಸಿಲ್‌ನಲ್ಲಿ ಅಗಲವಾಗಿ ಗೀಚಿದ್ದರು. ಅರ್ಧ ಬಾರ್ ಗೆರೆಯ (ತಾಳದ ಒಂದು ಸುತ್ತು ಮುಗಿಯುವ ಕಡೆ ಹಾಕುವ ನೆಟ್ಟಗೆರೆ) ಈಚೆ, ಅರ್ಧ ಆಚೆ. ನಾನು ಅಚ್ಚುಕಟ್ಟಾಗಿರಲಿ ಅಂತ ಗೆರೆ ದಾಟಿಸಿ ಒಂದನೇ ಬೀಟ್‌ಗೆ ಹಾಕಿದೆ. ಹಾಡಿದಾಗ ಮೊದಲ ಅಕ್ಷರ ಎಳೆದುಕೊಂಡು, ಎರಡನೆಯದರಿಂದ ದಿಢೀರ್ ಓಟ. ಗೇರ್ ತಪ್ಪಿದ ಬಸ್ಸಿನ ಥರ. ಮಾಸ್ಟರು ಏನೂ ಹೇಳಲಿಲ್ಲ. ಆ ಜಾಗವನ್ನು ತಾವೇ ಹಾಡಿ, ಎತ್ತಿಕೊಳ್ಳುವ ಅಕ್ಷರಕ್ಕೇ ಕೈ ಬೀಸಿ ತೋರಿಸಿದರು. ವೇಗ ಅಲ್ಲಿಂದಲೇ ಬದಲಾಗಬೇಕಿತ್ತು.

ಪದ ಎಷ್ಟೇ ಅಗಲವಿರಲಿ, ಹೊಸ ವೇಗ ಶುರುವಾಗುವ ಸ್ವರದ ನೇರಕ್ಕೆ ಅದರ ಮೊದಲ ಅಕ್ಷರ ಇರಬೇಕು. ಇದು ಅಚ್ಚಿನ ಹಳೇ ರೂಢಿ. ಈಗ ಅನುಮಾನ ಬಂದ ಕಡೆ ಮಾಸ್ಟರಿಗೆ ಫೋನ್ ಮಾಡಿ, “ಸರ್, ಯಾವ ಅಕ್ಷರಕ್ಕೆ?” ಅಂತ ಕೇಳುತ್ತೇನೆ. ಯಾವ ಬೀಟ್ ಅಂತ ಕೇಳಿದರೆ ಯೋಚನೆ ಮಾಡುತ್ತಾರೆ. ಅಕ್ಷರ ಕೇಳಿದರೆ ತಕ್ಷಣ ಹಾಡಿಬಿಡುತ್ತಾರೆ.

ಸರಿ, ಜಾಗ ತಿಳಿಯಿತು. ಅದನ್ನು ಮೌಸ್‌ನಲ್ಲಿ ಎಳೆದು ಸರಿಸಿದೆ. ಅದೂ ತಪ್ಪು. ಎಳೆದರೆ ಪದ ಕಾಣುವ ಜಾಗ ಬದಲಾಗುತ್ತದೆ, ಅಂಟಿದ ಜಾಗ ಹಾಗೇ ಉಳಿಯುತ್ತದೆ. ಎಳೆಯುವಾಗ ಸಣ್ಣ ಚುಕ್ಕೆ ಗೆರೆ ಕಾಣುತ್ತದಲ್ಲ, ಪದದ ಬೇರು ಎಲ್ಲಿದೆ ಅಂತ ಅದು ಹೇಳುತ್ತದೆ. ಆಮೇಲೆ ಕಾಗದದ ಅಳತೆ ಬದಲಾಯಿಸಿದೆ, ಬಾರ್‌ಗಳ ಅಗಲ ಬದಲಾಯಿತು, ಪದ ಇನ್ನೆಲ್ಲೋ ಹೋಗಿ ಕೂತಿತು. ಪ್ಲೇ ಒತ್ತಿದರೆ ವೇಗ ಬದಲಾಗುವುದೂ ಬೇರು ಇರುವ ಕಡೆಯೇ. ಅಳಿಸಿ, ಸರಿಯಾದ ಸ್ವರ ಆರಿಸಿ ಮತ್ತೆ ಹಾಕುವುದೇ ಸುಲಭ.

ಸಂಖ್ಯೆಯ ವಿಷಯದಲ್ಲೂ ಒಂದು ಸಲ ಬಿದ್ದಿದ್ದೇನೆ. 6/8ರ (ಬಾರಿಗೆ ಆರು ಕ್ವೇವರ್ ಸ್ವರದ) ಹಾಡಿಗೆ ಚುಕ್ಕೆ ಇರುವ ಕ್ರಾಚೆಟ್ 60 ಅಂತ ಹಾಕಬೇಕಿತ್ತು, ಚುಕ್ಕೆ ಬಿಟ್ಟೆ. ಕ್ರಾಚೆಟ್ ಅಂದರೆ ಎರಡು ಕ್ವೇವರ್‌ನಷ್ಟು ಉದ್ದದ ಸ್ವರ, ಚುಕ್ಕೆ ಸೇರಿದರೆ ಮೂರು. ನಿಮಿಷಕ್ಕೆ 180 ಕ್ವೇವರ್ ಬರುವ ಕಡೆ 120 ಬಂತು. ಜೋಗುಳ ಹೋಗಿ ಶವಯಾತ್ರೆ ಆಯಿತು. ‘ನಿಧಾನವಾಗಿ’ ಅಂತ ಕನ್ನಡದಲ್ಲೇ ಬರೆದರೆ ನಮ್ಮ ಹಿರಿಯರಿಗೆ ಖುಷಿ, ನನಗೂ ಇಷ್ಟ. ಆದರೆ ಸಾಫ್ಟ್‌ವೇರ್‌ಗೆ ಆ ಪದ ಅರ್ಥವಾಗುವುದಿಲ್ಲ. ಪ್ರಾಪರ್ಟೀಸ್‌ಗೆ ಹೋಗಿ ವೇಗದ ಸಂಖ್ಯೆ ಬೇರೆ ಕೊಡಬೇಕು. ಸಾಹಿತ್ಯವನ್ನು ಹಳೇ ನುಡಿ ಫಾಂಟಿನಲ್ಲಿ ತಂದುಕೊಟ್ಟವರ ಕಥೆ ಇನ್ನೊಂದು ದಿನ ಹೇಳುತ್ತೇನೆ.

ಈಗ ಕ್ವಾಯರ್‌ಗೆ ಕೊಡುವ ಮೊದಲು ಕೀಬೋರ್ಡ್ ಪಾರ್ಟನ್ನು ಮಾತ್ರ ಪ್ರಿಂಟ್ ತೆಗೆದು, ಪೂರ್ತಿ ಸ್ಕೋರ್ ಮುಚ್ಚಿಟ್ಟು, ಅದೊಂದನ್ನೇ ನೋಡಿಕೊಂಡು ಟೇಬಲ್ ಮೇಲೆ ತಾಳ ಹಾಕುತ್ತೇನೆ. ಲಗ್ನಪತ್ರಿಕೆಗೆ ಬಂದವರು ವಿಚಿತ್ರವಾಗಿ ನೋಡುತ್ತಾರೆ. ಕಳೆದ ಡಿಸೆಂಬರ್‌ನಲ್ಲಿ ಆ ಹುಡುಗಿ ಹಾಳೆ ಇಸಿದುಕೊಂಡು ಮೊದಲು ಕೊನೆಯ ಸಾಲು ತೆರೆದು ನೋಡಿದಳು. ಆಮೇಲೆ ಕೀಬೋರ್ಡ್ ಆನ್ ಮಾಡಿದಳು.