ಓಡೋದು ಕುದುರೆ ತಾನೇ, ಮೇಲೆ ಕೂತೋನು ಏನ್ ಮಾಡ್ತಾನೆ?

ಸಕಲೇಶಪುರ ಸಂತೆಲೂ ಇದೇ ಪ್ರಶ್ನೆ, ಹಾಸನದಲ್ಲಿ ನೆಂಟರ ಮದ್ವೆಲಿ ಎಲೆ ಮುಂದೆ ಕೂತ್ರೂ ಇದೇ ಪ್ರಶ್ನೆ. ತೋಟದಲ್ಲಿ ಒಂದು ಹೆಣ್ಣುಕುದುರೆ ಸಾಕಿದೀನಿ ಅಂತ ಗೊತ್ತಾದ ತಕ್ಷಣ "ರೇಸಾ?" ಅಂತಾರೆ, ಅಲ್ಲ ಅಂದ್ರೆ ಮುಖ ಸಪ್ಪಗಾಗುತ್ತೆ. ನಾನು ಸುಮ್ನಿರೋನಲ್ಲ, ನ್ಯೂಜಿಲೆಂಡಿನ ಮಾರ್ಕ್ ಟಾಡ್ ಅನ್ನೋ ಸವಾರ 60ನೇ ವಯಸ್ಸಲ್ಲಿ ಒಲಿಂಪಿಕ್ಸ್ ಆಡಿದ ಕತೆ ತೆಗೀತೀನಿ, ಆಗ ಬರುತ್ತೆ ನೋಡಿ: "ಅಲ್ಲ ಕಣಣ್ಣ, ಓಡೋದು ಕುದುರೆ, ಹಾರೋದು ಕುದುರೆ, ಮೇಲೆ ಕೂತೋನಿಗೆ ಅರವತ್ತಾದ್ರೇನು ಎಂಬತ್ತಾದ್ರೇನು?"

ಪ್ರತಿ ಸಲ ಅರ್ಧ ಹೇಳೋಷ್ಟರಲ್ಲಿ ಪಾಯಸ ಬರುತ್ತೆ. ಅದಕ್ಕೇ ಇಲ್ಲಿ ಪೂರ್ತಿ ಬರೀತಿದೀನಿ.

ಆಟದ ಹೆಸರು ಈವೆಂಟಿಂಗ್. ಒಂದೇ ಕುದುರೆ, ಒಬ್ಬನೇ ಸವಾರ, ಮೂರು ಪರೀಕ್ಷೆ. ಹೆಂಗಸರು ಗಂಡಸರು ಅಂತ ಬೇರೆ ಬೇರೆ ಪಟ್ಟಿ ಇಲ್ಲ, ಎಲ್ಲರಿಗೂ ಒಂದೇ ಸ್ಪರ್ಧೆ. ಮೊದಲನೇದು ಡ್ರೆಸ್ಸಾಜ್, 20 ಮೀಟರ್ ಅಗಲ 60 ಮೀಟರ್ ಉದ್ದದ ಜಾಗದಲ್ಲಿ ಕುದುರೆ ಅಳೆದು ತೂಗಿ ಹೆಜ್ಜೆ ಇಡ್ಬೇಕು, ಸವಾರ ಏನ್ ಹೇಳ್ತಿದಾನೆ ಅಂತ ನೋಡೋರಿಗೆ ಕಾಣ್ಲೂಬಾರ್ದು. ಎರಡನೇದು ಕ್ರಾಸ್ ಕಂಟ್ರಿ: ದಿಮ್ಮಿ, ಹಳ್ಳ, ಬೇಲಿ, ನೀರು, ಮೇಲಿನ ಹಂತದಲ್ಲಿ ನಿಮಿಷಕ್ಕೆ 570 ಮೀಟರ್ ವೇಗ, ದಿಮ್ಮಿ ಬೀಳಲ್ಲ, ತಾಗಿದ್ರೆ ಬೀಳೋದು ನೀವು. ಕೊನೇದು ಶೋ ಜಂಪಿಂಗ್, ಅಲ್ಲಿ ಉಲ್ಟಾ, ಕೋಲು ತಾಗಿದ್ರೆ ಬಿದ್ದೇಬಿಡುತ್ತೆ, ಒಂದು ಕೋಲಿಗೆ 4 ಪೆನಾಲ್ಟಿ. ಅಂದ್ರೆ ಮೊದಲು ಸುಮ್ನಿರು ಅಂತ ಹೇಳಿದ ಕುದುರೆಗೇ ಆಮೇಲೆ ನುಗ್ಗು ಅನ್ಬೇಕು, ಅದಾದ್ಮೇಲೆ ನುಗ್ಗಬೇಡ ತಾಯಿ, ಮೆತ್ತಗೆ ಕಾಲೆತ್ತು ಅನ್ಬೇಕು. ಇದನ್ನ ಹೇಳೋನು ಯಾರು?

ನಮ್ ಕಡೆ ತೊಂದ್ರೆ ಏನಂದ್ರೆ ಕುದುರೆ ಅಂದ್ರೆ ವೇಗ ಅಷ್ಟೇ. ಹಳೇಬೀಡಲ್ಲಿ ಗೋಡೆಯ ಕೆಳಗಿನ ಪಟ್ಟಿಗಳಲ್ಲಿ ಒಂದು ಸಾಲು ಪೂರ್ತಿ ಕುದುರೆ ಸವಾರರಿದಾರೆ, ಗೈಡು ಆನೆ ಅಂದ್ರೆ ಬಲ, ಕುದುರೆ ಅಂದ್ರೆ ವೇಗ ಅಂತ ಹೇಳಿ ಮುಂದೆ ಹೋಗ್ಬಿಡ್ತಾನೆ. ಸವಾರನ ಸುದ್ದೀನೇ ಇಲ್ಲ.

ಈಗ ಟಾಡ್ ವಿಷ್ಯ. 1984ರ ಲಾಸ್ ಏಂಜಲೀಸ್, 1988ರ ಸಿಯೋಲ್, ಎರಡು ಒಲಿಂಪಿಕ್ಸಲ್ಲೂ ವೈಯಕ್ತಿಕ ಚಿನ್ನ, ಎರಡೂ ಕರಿಷ್ಮಾ ಅನ್ನೋ ಒಂದೇ ಕುದುರೆ ಮೇಲೆ. ಕುದುರೆ ಗಿಡ್ಡ, ಟಾಡ್ ಆರಡಿ ದಾಟಿದ ಆಳು, ಫೋಟೋದಲ್ಲಿ ಅಪ್ಪ ಮಗನ ಸೈಕಲ್ ತಗೊಂಡು ಹೊರಟ ಹಾಗೆ ಕಾಣುತ್ತೆ. 84ರಲ್ಲಿ ಅಮೆರಿಕದ ಕ್ಯಾರೆನ್ ಸ್ಟೈವ್ಸ್ ಮುಂದಿದ್ಲು, ಕೊನೇ ಸುತ್ತಲ್ಲಿ ಅವಳದ್ದು ಒಂದೇ ಒಂದು ಕೋಲು ಬಿತ್ತು, ಚಿನ್ನ ಇವನಿಗೆ ಬಂತು. ಸಿಯೋಲ್‌ನಲ್ಲಿ ಕರಿಷ್ಮಾಗೆ 16 ವರ್ಷ, ಅಲ್ಲಿಗೆ ಅದರ ಆಟ ಮುಗೀತು.

ನಿಮ್ಮ ಪ್ರಶ್ನೆ ಸರಿ ಇದ್ದಿದ್ರೆ ಟಾಡ್ ಕತೇನೂ ಅಲ್ಲಿಗೇ ಮುಗೀಬೇಕಿತ್ತು ಅಲ್ವಾ? ಇಂಗ್ಲೆಂಡಿನ ಬ್ಯಾಡ್ಮಿಂಟನ್ ಈವೆಂಟಿಂಗ್ ಸ್ಪರ್ಧೆ (ಶಟಲ್ ಆಟ ಅಲ್ಲ, ಊರಿನ ಹೆಸರು) ನೋಡಿ: 1980ರಲ್ಲಿ ಸದರ್ನ್ ಕಂಫರ್ಟ್, 94ರಲ್ಲಿ ಹಾರ್ಟನ್ ಪಾಯಿಂಟ್, 96ರಲ್ಲಿ ಬರ್ಟಿ ಬ್ಲಂಟ್, 2011ರಲ್ಲಿ ಲ್ಯಾಂಡ್ ವಿಷನ್. ನಾಲ್ಕು ಗೆಲುವು, ನಾಲ್ಕು ಬೇರೆ ಬೇರೆ ಕುದುರೆ, ಮೊದಲನೇದಕ್ಕೂ ಕೊನೇದಕ್ಕೂ 31 ವರ್ಷ ಅಂತರ. ಮಧ್ಯೆ 2000ದಲ್ಲಿ ಸಿಡ್ನಿ ಒಲಿಂಪಿಕ್ಸಲ್ಲಿ ಕಂಚು ತಗೊಂಡು ನಿವೃತ್ತಿ ಅಂದ, ಎಂಟು ವರ್ಷ ಬಿಟ್ಟು ಬೀಜಿಂಗ್‌ಗೆ ಮತ್ತೆ ಬಂದ. ಪ್ರತಿ ಕುದುರೆ ಜೊತೆಗೂ ಅಆಇಈಯಿಂದ ಶುರು, ಒಂದಕ್ಕೆ ನೀರು ಕಂಡ್ರೆ ಭಯ, ಇನ್ನೊಂದಕ್ಕೆ ಚಪ್ಪಾಳೆ ಕೇಳಿದ್ರೆ ತಲೆ ಕೆಡುತ್ತೆ, ಹಿಂದಿನ ಕುದುರೆಗೆ ಹೇಳ್ಕೊಟ್ಟಿದ್ದು ಇದಕ್ಕೆ ಗೊತ್ತಿಲ್ಲ. ಬರ್ಟಿ ಬ್ಲಂಟ್ ಮೇಲೆ 1995ರಲ್ಲಿ ಕ್ರಾಸ್ ಕಂಟ್ರಿ ಮಧ್ಯೆ ರಿಕಾಪಿನ (ಸವಾರ ಕಾಲಿಡೋ ಬಳೆ) ಬಾರು ಕಿತ್ತೋಯ್ತು, ಉಳಿದಿದ್ದನ್ನೆಲ್ಲ ಒಂದೇ ರಿಕಾಪಲ್ಲಿ ಹಾರಿಸಿ ಮುಗಿಸ್ದ. ಒಂದು ಕಾಲು ಗಾಳಿಲಿ! ಆ ವರ್ಷ ಗೆಲ್ಲಲಿಲ್ಲ, ಮುಂದಿನ ವರ್ಷ ಅದೇ ಕುದುರೆ ಮೇಲೆ ಗೆದ್ದ.

ಸೋತಿದ್ದೂ ಹೇಳ್ತೀನಿ. 2016ರ ರಿಯೋ ಒಲಿಂಪಿಕ್ಸಲ್ಲಿ, ನಾನು ಹೇಳಿದ ಆ 60ನೇ ವಯಸ್ಸಲ್ಲಿ, ಅವರ ಟೀಮು ಪದಕದ ಸಾಲಲ್ಲಿತ್ತು, ಕೊನೇಗೆ ಹೋದ ಟಾಡ್ ನಾಲ್ಕು ಕೋಲು ಬೀಳಿಸ್ದ, ಟೀಮು ನಾಲ್ಕನೇ ಸ್ಥಾನಕ್ಕೆ ಜಾರ್ತು. ಮೇಲೆ ಕೂತೋನು ಲೆಕ್ಕಕ್ಕಿಲ್ಲ ಅನ್ನೋರು ಆವತ್ತು ಯಾರನ್ನ ಬೈತಿದ್ರಿ?

(ನಮ್ಮೋರೂ ಇದಾರೆ, ಬೆಂಗಳೂರಿನ ಫವಾದ್ ಮಿರ್ಜಾ, 2018ರ ಏಷ್ಯನ್ ಗೇಮ್ಸಲ್ಲಿ ವೈಯಕ್ತಿಕ ಬೆಳ್ಳಿ, ಟೋಕಿಯೋ ಒಲಿಂಪಿಕ್ಸಲ್ಲಿ 23ನೇ ಸ್ಥಾನ. ಆ ಕತೆ ಇನ್ನೊಂದ್ಸಲ.)

ಇಷ್ಟೂ ಓದಿ ತಿಳ್ಕೊಂಡಿದ್ದು. ನಂಗೆ ನಿಜವಾಗಿ ಅರ್ಥ ಆಗಿದ್ದು ನಮ್ಮ ತೋಟದಲ್ಲಿ. ಕಾಫಿ ಪಟ್ಟೆ ಪಕ್ಕ ಒಂದು ಸಿಲ್ವರ್ ಓಕ್ ದಿಮ್ಮಿ ಬಿದ್ದಿದೆ, ಮೊಣಕಾಲುದ್ದ ಇರ್ಬೋದು ಅಷ್ಟೇ, ನಮ್ಮ ಕುದುರೆ ಬೆಳಿಗ್ಗೆ ಹೊತ್ತು ಆರಾಮಾಗಿ ಹಾರ್ತಾಳೆ. ಒಂದಿನ ಸಂಜೆ ತಗೊಂಡ್ಹೋದೆ, ದಿಮ್ಮಿ ಮುಂದೆ ಗಕ್ಕನೆ ನಿಂತ್ಲು, ನಾನು ಮುಂದಕ್ಕೆ ಹೋಗಿ ಒಣಗಿದ ಎಲೆ ಮೇಲೆ ಬಿದ್ದೆ. ಎದ್ದವನೇ ಸಿಟ್ಟಲ್ಲಿ ಒಂದು ಕಡ್ಡಿ ಮುರ್ಕೊಂಡು ಎರಡು ಬಾರ್ಸಿದೆ. ಕಿವಿ ಹಿಂದಕ್ಕೆ ಹಾಕ್ಕೊಂಡು ನೋಡ್ತಾ ನಿಂತಿದ್ಲು. ಆಮೇಲೆ ಬಗ್ಗಿ ನೋಡಿದ್ರೆ ಸಂಜೆ ಬಿಸಿಲು ಹಿಂದಿಂದ ಬಿದ್ದು ದಿಮ್ಮಿ ಈಚೆ ಕಡೆ ಕಪ್ಪಗೆ ನೆರಳು, ಅವಳ ಕಣ್ಣಿಗೆ ಅದು ಗುಂಡಿ. ನಾನೂ ಅವಳನ್ನ ಬಿಟ್ಟು ಆ ದಿಮ್ಮೀನೇ ನೋಡ್ತಾ ಬಂದಿದ್ದೆ, ಬೇಡ ಅನ್ನೋದು ನನ್ ಕೈಯಿಂದ್ಲೇ ಲಗಾಮಿಗೆ ಹೋಗಿತ್ತು.

2022ರಲ್ಲಿ ಒಂದು ಹಳೇ ವಿಡಿಯೋ ಹೊರಗೆ ಬಂತು, ಟಾಡ್ ಪಾಠ ಹೇಳ್ಕೊಡ್ತಾ ನೀರಿಗಿಳೀದ ಕುದುರೆಗೆ ಮರದ ಕೊಂಬೇಲಿ ಹೊಡೀತಿರೋದು. ಕ್ಷಮೆ ಕೇಳ್ದ. ಅಷ್ಟು ಕುದುರೆಗಳನ್ನ ಅರ್ಥ ಮಾಡ್ಕೊಂಡೋನು ಹಾಗೆ ಮಾಡಿದ್ದು ನೋಡಿ ಬೇಜಾರಾಯ್ತು, ಬೈಯೋಣ ಅಂದ್ರೆ ಆ ಕಡ್ಡಿ ನೆನಪಿಗೆ ಬಂತು.

ಈಗ ಸಂಜೆ ಹೊತ್ತು ಮೊದಲು ದಿಮ್ಮಿ ಪಕ್ಕ ನಡೆಸ್ಕೊಂಡು ಹೋಗಿ ಮೂಸೋಕೆ ಬಿಡ್ತೀನಿ, ಆಮೇಲೆ ಹತ್ತಿ, ದೂರದ ಮೆಣಸಿನ ಬಳ್ಳಿ ನೋಡ್ತಾ ಬರ್ತೀನಿ. ಹತ್ತಕ್ಕೆ ಏಳು ಸಲ ಹಾರ್ತಾಳೆ.

ಇವಳಿಗೂ ಈಗ 16. ಇವಳಾದ್ಮೇಲೆ ಇನ್ನೊಂದು ತರ್ತೀರಾ ಅಂತ ಮೊನ್ನೆ ನಮ್ಮನೆಯವಳು ಕೇಳಿದ್ಲು. ಆ ಪ್ರಶ್ನೆಗೆ ಇನ್ನೂ ಉತ್ತರ ಕೊಟ್ಟಿಲ್ಲ.