ಗೋಧಿ ಬಣ್ಣ, ಐದು ಅಡಿ ನಾಲ್ಕು ಅಂಗುಲ

ಊಟದ ಹೊತ್ತಿಗೆ ಗೆಳತಿಯೊಬ್ಬಳು ಮದುವೆಯ ಬಯೋಡೇಟಾ ಕಳುಹಿಸಿದಳು. ಹುಡುಗಿಯ ಎತ್ತರ, ತೂಕ, ಮೈಬಣ್ಣ. ಓದು, ಕೆಲಸ ಎಲ್ಲ ಕೆಳಗೆ ಎಲ್ಲೋ.

ನನಗೆ ತಟ್ಟನೆ ನೆನಪಾದದ್ದು ಬೆಂಗಳೂರಿನ ಕಲಾವಿದೆ ಪುಷ್ಪಮಾಲಾ ಎನ್. ಅವರ ಒಂದು ಫೋಟೊ.

2000ರಿಂದ 2004ರವರೆಗೆ ಅವರು ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆ ಸೇರಿ 'ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ' ಎಂಬ ಸರಣಿ ಮಾಡಿದರು. ರವಿವರ್ಮನ ಲಕ್ಷ್ಮಿ, ಸಿನಿಮಾ ನಾಯಕಿ, ಪತ್ರಿಕೆಯ ಪೊಲೀಸ್ ಫೋಟೊದ ಹೆಂಗಸು. ಎಲ್ಲ ವೇಷದಲ್ಲೂ ಅವರೇ! ಓದಿದ್ದು ಶಿಲ್ಪಕಲೆ, ಕೊನೆಗೆ ತಮ್ಮ ಮೈಯನ್ನೇ ಕಡೆದು ನಿಲ್ಲಿಸಿದರು.

ನಾನು ಹೇಳುತ್ತಿರುವುದು ನೀಲಗಿರಿಯ ತೋಡ ಬುಡಕಟ್ಟಿನ ಹೆಂಗಸಿನ ವೇಷದ ಚಿತ್ರ. ಬೆನ್ನ ಹಿಂದೆ ಚೌಕಳಿ ಪರದೆ. ಬ್ರಿಟಿಷರ ಕಾಲದಲ್ಲಿ ಜನರನ್ನು ಇಂಥ ಚೌಕಗಳ ಮುಂದೆ ನಿಲ್ಲಿಸಿ ಫೋಟೊ ತೆಗೆಯುತ್ತಿದ್ದರು, ಮೈಯ ಅಳತೆ ಸಿಗಲೆಂದು. ಹಾಗೆ ನಿಂತವರ ಹೆಸರು ಯಾರಿಗೂ ಬೇಕಿರಲಿಲ್ಲ. ಇಲ್ಲಿ ನಿಂತವಳು ಮಾತ್ರ ತಾನೇ ಪರದೆ ಕಟ್ಟಿಸಿಕೊಂಡು ನಿಂತವಳು. ನೋಡುವವರಿಗೇ ಸ್ವಲ್ಪ ಮುಜುಗರ. ಆಗಲಿ ಬಿಡಿ.

ಭಾಷಣ ಬಿಗಿಯದೆ ಕೆಣಕುವ ಈ ಕಲೆ ನನಗೆ ಹೆಚ್ಚು ಹಿಡಿಸುತ್ತದೆ. ವೇಷ ವೇಷವೆಂದೇ ಕಾಣುತ್ತದೆ, ಮುಚ್ಚಿಡುವ ಗೋಜಿಲ್ಲ. ಮನೆಮನೆಯ ಗೋಡೆಯ ಲಕ್ಷ್ಮಿಗಿಂತ ಈ ಲಕ್ಷ್ಮಿಯ ಮೇಲೆ ನನಗೆ ಪ್ರೀತಿ ಹೆಚ್ಚು. ಫೋಟೊ ಮುಗಿಯುವ ತನಕ ಹಾಗೆ ನಿಂತು ಕಾಲು ನೋಯದೆ ಇದ್ದೀತೇ?