ಸೇವೆಗೆ ಯಾವಾಗ ಬರ್ತೀರಿ, ಸಿಸ್ಟರ್?

ಉಪವಾಸ ಕೂಟ ಮುಗಿದು ಚಪ್ಪಲಿ ಹುಡುಕುವಾಗ ಯಾರಾದರೂ ಒಬ್ಬರು ನನಗೆ ಈ ಪ್ರಶ್ನೆ ಕೇಳೇ ಕೇಳ್ತಾರೆ. ಸೇವೆ ಅಂದರೆ ಇರುವ ಕೆಲಸ ಬಿಟ್ಟು ಪೂರ್ತಿಯಾಗಿ ಸಭೆಯ ಕೆಲಸಕ್ಕೆ ಇಳಿಯುವುದು. ಕೇಳುವವರು ಒಳ್ಳೆಯವರೇ. ನನಗೆ ಸಂಡೇ ಸ್ಕೂಲ್ ಮಕ್ಕಳ ಜೊತೆ ಚೆನ್ನಾಗಿ ಹೊಂದುತ್ತದೆ, ಪ್ರಾರ್ಥನೆಗೆ ನಿಂತರೆ ಮಾತು ತಡವರಿಸುವುದಿಲ್ಲ. ಇಷ್ಟೆಲ್ಲ ಇದ್ದೂ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡ್ಕೊಂಡು ಇವಳು ಯಾಕೆ ಕೂತಿದ್ದಾಳೆ ಅಂತ ಅವರಿಗೆ ಅನಿಸುತ್ತದೆ. ಅವರ ಪ್ರಕಾರ ದೇವರ ಕರೆ ಬರುವುದು ಪಾಸ್ಟರ್, ಸುವಾರ್ತಿಕ, ಮಿಷನರಿ ಆಗುವವರಿಗೆ. ಉಳಿದವರು ಕಾಣಿಕೆ ಹಾಕುವವರು.

ಬೈಬಲಿನಲ್ಲಿ ಈ ಲೆಕ್ಕ ನನಗೆ ಎಲ್ಲೂ ಸಿಕ್ಕಿಲ್ಲ. ವಿಮೋಚನಕಾಂಡದ 31ನೇ ಅಧ್ಯಾಯ ತೆಗೆದು ನೋಡಿ. ದೇವರು ಒಬ್ಬನನ್ನು ಹೆಸರು ಹಿಡಿದು ಕರೆಯುತ್ತಾನೆ, ಅವನನ್ನು ನನ್ನ ಆತ್ಮದಿಂದ ತುಂಬಿಸಿದ್ದೇನೆ ಅನ್ನುತ್ತಾನೆ. ಅವನು ಪ್ರವಾದಿಯೂ ಅಲ್ಲ, ಯಾಜಕನೂ ಅಲ್ಲ. ಬೆಚಲೇಲ ಅಂತ ಅವನ ಹೆಸರು. ಚಿನ್ನ, ಬೆಳ್ಳಿ, ತಾಮ್ರ, ಕಲ್ಲು, ಮರದ ಕೆಲಸ ಮಾಡುವವನು. ಅದಕ್ಕೂ ಮೊದಲು, 28ನೇ ಅಧ್ಯಾಯದಲ್ಲಿ, ಯಾಜಕನಾದ ಆರೋನನ ಬಟ್ಟೆ ಹೊಲಿಯುವವರಿಗೆ ಜ್ಞಾನ ಕೊಟ್ಟವನೂ ತಾನೇ ಅನ್ನುತ್ತಾನೆ. ಟೈಲರ್‌ಗಳಿಗೆ! ಯೊಪ್ಪದಲ್ಲಿ ತಬಿಥಾ ಸತ್ತಾಗ ವಿಧವೆಯರು ಅಳುತ್ತಾ ಯೇಸುವಿನ ಶಿಷ್ಯ ಪೇತ್ರನಿಗೆ ತೋರಿಸಿದ್ದೂ ಅವಳು ಮಾಡಿಕೊಟ್ಟ ಅಂಗಿಗಳನ್ನೇ.

ಜರ್ಮನಿಯ ಧರ್ಮಸುಧಾರಕ ಮಾರ್ಟಿನ್ ಲೂಥರ್ 1520ರಲ್ಲೇ ಇದನ್ನು ಖಡಾಖಂಡಿತವಾಗಿ ಬರೆದ. ಚಮ್ಮಾರ, ಕಮ್ಮಾರ, ರೈತ, ಒಬ್ಬೊಬ್ಬರಿಗೆ ಒಂದೊಂದು ಕೆಲಸ. ಆದರೂ ಎಲ್ಲರೂ ದೇವರ ಮುಂದೆ ಯಾಜಕರೇ ಅಂದ. ಐನೂರು ವರ್ಷ ಆಯಿತು. ನಮ್ಮ ಕೂಟಗಳಿಗೆ ಸುದ್ದಿ ಇನ್ನೂ ತಲುಪಿಲ್ಲ, ಇರಲಿ.

ನನ್ನ ಕೆಲಸದ ಬಗ್ಗೆ ಸ್ವಲ್ಪ ಹೇಳ್ತೀನಿ. ರಾತ್ರಿ ಪಾಳಿ. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಒಂದು ಸ್ಯಾಂಪಲ್ ಬಂತು. ಮೆಷಿನ್‌ಗೆ ಹಾಕಿದರೆ ಪ್ಲೇಟ್‌ಲೆಟ್, ಅಂದರೆ ರಕ್ತ ಸೋರದಂತೆ ತಡೆಯುವ ಕಣಗಳು, 22,000 ಅಂತ ತೋರಿಸಿತು. ಸಾಮಾನ್ಯವಾಗಿ ಒಂದೂವರೆ ಲಕ್ಷಕ್ಕಿಂತ ಮೇಲಿರಬೇಕು. ಹಾಗೇ ರಿಪೋರ್ಟ್ ಕಳಿಸಿದರೆ ನನ್ನನ್ನು ಯಾರೂ ಬೈಯಲ್ಲ, ಮೆಷಿನ್ ಹೇಳಿದ್ದು ತಾನೇ. ಆದರೆ ವಾರ್ಡಿಗೆ ಫೋನ್ ಮಾಡಿ ಕೇಳಿದರೆ ರೋಗಿಗೆ ಎಲ್ಲೂ ರಕ್ತ ಸೋರುತ್ತಿಲ್ಲ, ಮೈಮೇಲೆ ಒಂದು ಕೆಂಪು ಚುಕ್ಕೆಯೂ ಇಲ್ಲ. ಒಂದು ಹನಿ ರಕ್ತವನ್ನು ಗಾಜಿನ ಸ್ಲೈಡಿನ ಮೇಲೆ ತೆಳ್ಳಗೆ ಎಳೆದು, ಒಣಗಿಸಿ, ಬಣ್ಣ ಹಾಕಿ, ಮೈಕ್ರೋಸ್ಕೋಪಿನ ಕೆಳಗೆ ಇಟ್ಟೆ. ಸ್ಲೈಡಿನ ತುದಿಯಲ್ಲಿ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಂಡು ಗುಂಪು ಗುಂಪಾಗಿ ಕೂತಿದ್ದವು. ಆ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟದಿರಲಿ ಅಂತ ಇಡಿಟಿಎ ಅನ್ನೋ ರಾಸಾಯನಿಕ ಇರುತ್ತದೆ. ಕೆಲವರ ರಕ್ತದಲ್ಲಿ ಅದೇ ಇಡಿಟಿಎಯಿಂದ ಪ್ಲೇಟ್‌ಲೆಟ್‌ಗಳು ಹೀಗೆ ಗುಂಪುಗೂಡುತ್ತವೆ. ಮೆಷಿನ್‌ಗೆ ಆ ಗುಂಪನ್ನು ಬಿಡಿಸಿ ಎಣಿಸಲು ಬರುವುದಿಲ್ಲ. ಇಡಿಟಿಎ ಬದಲು ಸಿಟ್ರೇಟ್ ಇರುವ ನೀಲಿ ಮುಚ್ಚಳದ ಟ್ಯೂಬಿನಲ್ಲಿ ಮತ್ತೆ ರಕ್ತ ತೆಗೆಸಿದೆವು. ಲೆಕ್ಕ ಸರಿಯಾಗೇ ಬಂತು. ಆ ಮನುಷ್ಯನಿಗೆ ಬೇಡದ ಪ್ಲೇಟ್‌ಲೆಟ್ ಹತ್ತಿಸುವುದು ತಪ್ಪಿತು. ನನ್ನ ಮುಖ ಅವರು ನೋಡಿಲ್ಲ, ಇನ್ನು ನೋಡುವುದೂ ಇಲ್ಲ.

ಇದನ್ನು ಮಾಡಲು ಬರೀ ಡಿಪ್ಲೊಮಾ ಇದ್ದರೆ ಸಾಕು, ಇದರಲ್ಲಿ ದೇವರೆಲ್ಲಿ ಬಂದ ಅಂತ ಕೇಳಬಹುದು. ಸ್ಲೈಡ್ ನೋಡುವುದಕ್ಕೆ ಡಿಪ್ಲೊಮಾ ಸಾಕು. ಬೆಳಗಿನ ಜಾವ ಕಣ್ಣು ಎಳೆಯುವಾಗ, ಯಾರೂ ಕೇಳದಿದ್ದಾಗ, ಎದ್ದು ಹೋಗಿ ಸ್ಲೈಡ್ ಮಾಡುವುದಿದೆಯಲ್ಲ, ಅಲ್ಲಿ ನನಗೆ ಕರ್ತನ ಭಯ ಕೆಲಸಕ್ಕೆ ಬರುತ್ತದೆ. ಮನುಷ್ಯರಿಗೋಸ್ಕರ ಅಂತ ಅಲ್ಲ, ಕರ್ತನಿಗೋಸ್ಕರ ಅಂತ ಮನಸಾರೆ ಮಾಡಿ ಎಂದು ಪೌಲ ಕೊಲೊಸ್ಸೆಯವರಿಗೆ ಬರೆದದ್ದು ಪ್ರಸಂಗಿಗಳಿಗಲ್ಲ, ದಾಸರಿಗೆ.

ಹಾಗಂತ ನನಗೆ ಈ ಕೆಲಸ ದಿನಾ ಇಷ್ಟ ಅಂತೇನಿಲ್ಲ. ದೇವರು ಕರೆದಿದ್ದರೆ ಹೃದಯ ಕುಣಿಯುತ್ತೆ ಅಂತ ಯುವಜನರ ಕೂಟಗಳಲ್ಲಿ ಹೇಳ್ತಾರಲ್ಲ, ಅದನ್ನು ನಾನು ಪೂರ್ತಿ ನಂಬುವುದಿಲ್ಲ. 17ನೇ ಶತಮಾನದಲ್ಲಿ ಪ್ಯಾರಿಸ್‌ನ ಮಠವೊಂದರಲ್ಲಿ ಬ್ರದರ್ ಲಾರೆನ್ಸ್ ಅಂತ ಒಬ್ಬರಿದ್ದರು. ಅವರಿಗೆ ಅಡುಗೆಮನೆ ಕೆಲಸ ಕಂಡರೆ ಆಗುತ್ತಿರಲಿಲ್ಲ. ಆದರೂ ವರ್ಷಗಟ್ಟಲೆ ಅಲ್ಲೇ ದುಡಿದರು, ಪಾತ್ರೆಗಳ ಸದ್ದಿನ ನಡುವೆಯೇ ದೇವರ ಜೊತೆ ಮಾತಾಡುತ್ತಾ. ಐಗುಪ್ತದಿಂದ ಇಸ್ರಾಯೇಲ್ಯರನ್ನು ಬಿಡಿಸಿಕೊಂಡು ಬಾ ಅಂತ ದೇವರು ಕರೆದಾಗ ಮೋಶೆಯೂ ಕುಣಿಯಲಿಲ್ಲ. ನಾನ್ಯಾರು ಹೋಗೋಕೆ, ನನ್ನ ನಾಲಿಗೆ ಮಂದ ಅಂತ ನೆಪ ಹೇಳಿ ಹೇಳಿ, ಕೊನೆಗೆ ಬೇರೆ ಯಾರನ್ನಾದರೂ ಕಳಿಸು ಅಂದುಬಿಟ್ಟ. ದೇವರಿಗೆ ಸಿಟ್ಟು ಬಂತು. ಆದರೂ ನೀನು ಸಮರ್ಥ ಕಣಪ್ಪಾ ಅಂತ ಹುರಿದುಂಬಿಸಲಿಲ್ಲ ನೋಡಿ. ನಾನೇ ನಿನ್ನ ಸಂಗಡ ಇರುತ್ತೇನೆ ಅಂದಿದ್ದ, ಈಗ ಜೊತೆಗೆ ಅಣ್ಣ ಆರೋನನನ್ನೂ ಕೊಟ್ಟ. ನನಗೆ ಈ ಭಾಗ ತುಂಬಾ ಇಷ್ಟ.

ಒಮ್ಮೆ ಒಂದು ಕೂಟದಲ್ಲಿ ಹೊರಗಿನಿಂದ ಬಂದಿದ್ದ ಪ್ರಸಂಗಿ ನನ್ನ ತಲೆಯ ಮೇಲೆ ಕೈಯಿಟ್ಟು, "ಮೂರು ತಿಂಗಳೊಳಗೆ ಕೆಲಸ ಬಿಡು ಅಂತ ಕರ್ತನು ಹೇಳುತ್ತಿದ್ದಾನೆ ಮಗಳೇ" ಅಂದರು. ಸುತ್ತಲಿದ್ದವರು ಆಮೆನ್ ಅಂದರು. ನಾನು ಅನ್ನಲಿಲ್ಲ. ಮನೆಗೆ ಬಂದು 1 ಅರಸುಗಳು 13ನೇ ಅಧ್ಯಾಯ ಓದಿದೆ. ಯೆಹೂದದಿಂದ ಬೇತೇಲಿಗೆ ಬಂದ ದೇವರ ಮನುಷ್ಯನಿಗೆ, ಅಲ್ಲಿ ಊಟ ಮಾಡಬೇಡ ಅಂತ ದೇವರೇ ಹೇಳಿರುತ್ತಾನೆ. ಆ ಊರಿನ ಮುದಿ ಪ್ರವಾದಿಯೊಬ್ಬ, ದೇವದೂತ ನನಗೆ ಹೇಳಿದ್ದಾನೆ ಅಂತ ಸುಳ್ಳು ಹೇಳಿ, ಅವನನ್ನು ಊಟಕ್ಕೆ ವಾಪಸ್ ಕರೆದುಕೊಂಡು ಹೋಗ್ತಾನೆ. ನಂಬಿ ಹೋದವನನ್ನು ದಾರಿಯಲ್ಲಿ ಸಿಂಹ ಕೊಲ್ಲುತ್ತದೆ. ಹೇಳಿದವನಿಗೆ ಏನೂ ಆಗುವುದಿಲ್ಲ. ಕಷ್ಟದ ಅಧ್ಯಾಯ ಅದು. ಆದರೆ ನಿನ್ನ ಬಗ್ಗೆ ದೇವರು ನನಗೆ ಹೇಳಿದ್ದಾನೆ ಅಂತ ಯಾರಾದರೂ ಬಂದರೆ ಮೊದಲು ಅದನ್ನು ಓದಿಕೊಳ್ಳಿ ಅಂತ ಎಲ್ಲರಿಗೂ ಹೇಳ್ತೀನಿ.

ಹಾಗಾದರೆ ಎಲ್ಲ ಬಿಟ್ಟು ಹೊರಡುವ ಕರೆ ಇಲ್ಲವೇ ಇಲ್ವಾ? ಇದೆ. ಅಬ್ರಹಾಮ 75ನೇ ವಯಸ್ಸಿನಲ್ಲಿ ಹೊರಟ. ಕುರಿ ಕಾಯುತ್ತಿದ್ದ ಆಮೋಸನನ್ನು ಮಂದೆಯ ಹಿಂದಿನಿಂದಲೇ ದೇವರು ಎಬ್ಬಿಸಿಕೊಂಡು ಹೋದ. ಆದರೆ ಅಂತಿಯೋಕ್ಯದ ಸಭೆಯಲ್ಲಿ ಬಾರ್ನಬ, ಸೌಲರನ್ನು (ಮುಂದೆ ಪೌಲ ಆದವನೇ ಈ ಸೌಲ) ನನ್ನ ಕೆಲಸಕ್ಕೆ ಪ್ರತ್ಯೇಕಿಸಿ ಅಂತ ಪವಿತ್ರಾತ್ಮನು ಹೇಳಿದಾಗ ಅವರಿಬ್ಬರೇ ಇರಲಿಲ್ಲ. ಜೊತೆಗಿದ್ದವರೂ ಕೇಳಿಸಿಕೊಂಡರು, ಉಪವಾಸ ಮಾಡಿ ಪ್ರಾರ್ಥಿಸಿ ಕೈಯಿಟ್ಟು ಕಳಿಸಿದರು. ಅದೂ ಅಲ್ಲದೆ ಅವರಿಬ್ಬರು ಅಷ್ಟರಲ್ಲಾಗಲೇ ಆ ಸಭೆಯಲ್ಲಿ ಒಂದು ವರ್ಷ ಪೂರ್ತಿ ಬೋಧಿಸಿದ್ದರು. ಜನ ಅವರನ್ನು ನೋಡಿದ್ದರು.

ಈಚೆಗೆ ನಮ್ಮ ಸಭೆಯ ಒಬ್ಬ ಹುಡುಗ ಬೈಬಲ್ ಕಾಲೇಜಿಗೆ ಹೋಗ್ತೀನಿ ಅಂತ ನನ್ನ ಹತ್ತಿರ ಬಂದ. ಕಣ್ಣಲ್ಲಿ ಭಾರಿ ಉತ್ಸಾಹ.

"ನಿನ್ನ ಪಕ್ಕದ ಸಾಲಲ್ಲಿ ಕೂರುವ ಅಜ್ಜಿ ಆರಾಧನೆಗೆ ಬಂದು ಎಷ್ಟು ವಾರ ಆಯ್ತು?" ಅಂತ ಕೇಳಿದೆ.

"ಯಾವ ಅಜ್ಜಿ?"

"ಮಂಡಿ ಆಪರೇಷನ್ ಆದವರು."

"ಅದಕ್ಕೂ ಕಾಲೇಜಿಗೂ ಏನು ಸಂಬಂಧ ಆಂಟಿ?" ಅಂದ. ಸ್ವಲ್ಪ ಬೇಜಾರೂ ಆಯಿತು ಅವನಿಗೆ.

ಸಂಬಂಧ ಇದೆ ಅಂತ ನಾನೇನೂ ವಾದಿಸಲಿಲ್ಲ, ವಿಳಾಸ ಕೊಟ್ಟೆ. ಆಮೇಲಿನಿಂದ ಅವನು ಶನಿವಾರ ಸಂಜೆ ಅಲ್ಲಿಗೆ ಹೋಗ್ತಾನೆ, ಅಜ್ಜಿಗೆ ಕೀರ್ತನೆ ಓದಿ ಹೇಳ್ತಾನೆ. ಅಜ್ಜಿಗೆ ಕಿವಿ ಮಂದ, ಹಾಗಾಗಿ ಜೋರಾಗಿ, ನಿಧಾನವಾಗಿ ಓದುವುದನ್ನೂ ಕಲಿತಿದ್ದಾನೆ. ಕಾಲೇಜಿನ ಅರ್ಜಿಯಲ್ಲಿ ಸಭೆಯ ಇಬ್ಬರು ಶಿಫಾರಸು ಬರೆಯಬೇಕಂತೆ. ಒಂದನ್ನು ಪಾಸ್ಟರ್ ಬರೆದಿದ್ದಾರೆ. ಇನ್ನೊಂದಕ್ಕೆ ಅವನು ನನ್ನನ್ನು ಕೇಳಿದ. ಬರೆಯೋಣ, ಆದರೆ ಈಗಲೇ ಅಲ್ಲ, ಮಳೆಗಾಲ ಮುಗಿಯಲಿ, ಅಲ್ಲಿಯವರೆಗೂ ಅಜ್ಜಿಯ ಮನೆ ತಪ್ಪಿಸಬೇಡ ಅಂದಿದ್ದೇನೆ.